ಮೂರನೇ ಸುತ್ತಿನಲ್ಲಿ ನಿಲ್ಲುತ್ತಿದ್ದ ಕಾರು

ಹೋದ ತಿಂಗಳು ಆಲೂರಿನ ಹತ್ತಿರದ ಒಂದು ಶಾಲೆಯಲ್ಲಿ ಕೆಟ್ಟು ನಿಂತಿದ್ದ ಕಂಪ್ಯೂಟರ್ ಬಿಚ್ಚಿಕೊಂಡು ಕೂತಿದ್ದೆ. ಒಳಗಿನ ಮೆಮೊರಿ ಪಟ್ಟಿಯನ್ನು ಹೊರಗೆ ತೆಗೆದು, ಅದರ ಅಂಚಿನ ಹಳದಿ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜುತ್ತಿದ್ದೆ. ಕಿಲುಬು ಹಿಡಿದ ಹಲ್ಲುಗಳಿಗೆ ಇದಕ್ಕಿಂತ ಸುಲಭದ ಮದ್ದಿಲ್ಲ. ಉಜ್ಜಿದಷ್ಟೂ ರಬ್ಬರಿನ ಬಿಸಿ ವಾಸನೆ ಏಳುತ್ತದೆ. ಆ ವಾಸನೆಗೆ ಪ್ರತಿ ಸಲದಂತೆ ಈ ಸಲವೂ ರೈಟ್ರು ನೆನಪಾದರು...

ಎಸ್ಟೇಟಿನಲ್ಲಿ ಆಳುಗಳ ಹಾಜರಿ ತೆಗೆದುಕೊಂಡು, ದಿನದ ಕೆಲಸ ಬರೆದಿಡುವವರನ್ನು ನಮ್ಮ ಕಡೆ ರೈಟರ್ ಎನ್ನುತ್ತಾರೆ. ಅವರು ವನಗೂರಿನಾಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ರೈಟರ್ ಆಗಿದ್ದವರು. ಕೆಲಸ ಬಿಟ್ಟ ಮೇಲೂ ಸುತ್ತಿನವರಿಗೆಲ್ಲ ಅವರು ರೈಟ್ರೇ, ಅವರ ಹೆಂಡತಿ ರೈಟ್ರಮ್ಮ. ನಾನೂ ಹಾಗೇ ಕರೆದೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನನಗೆ ಇಪ್ಪತ್ತೈದು. ಹಾಸನದಲ್ಲಿ ಹಾರ್ಡ್‌ವೇರ್ ಕೋರ್ಸ್ ಮುಗಿಸಿ ಸಕಲೇಶಪುರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಅರ್ಧ ದಿನ ಪಾಠ, ಅರ್ಧ ದಿನ ರಿಪೇರಿ. ರಿಪೇರಿಗೆಂದು ಹೋದರೆ ಎಷ್ಟೋ ಮನೆಗಳಲ್ಲಿ ನನ್ನ ಬೆನ್ನ ಹಿಂದೆ ಇಣುಕುತ್ತಿದ್ದರು, ಗಂಡಸು ಯಾರಾದರೂ ಬರುತ್ತಿದ್ದಾರೋ ಎಂದು. ಅದಕ್ಕೋ ಏನೋ, ‘ಗೊತ್ತಿಲ್ಲ’ ಎಂಬ ಮಾತು ಬಾಯಿಂದ ಬರದ ಹಾಗೆ ನೋಡಿಕೊಂಡಿದ್ದೆ.

ಒಂದು ದಿನ ಸೆಂಟರಿನ ಮಾಲೀಕರು ಕರೆದು, “ವನಗೂರಿನ ಆಚೆ ಒಬ್ರು ರೈಟ್ರು ಅವ್ರೆ. ಕಾರಿನ ಗೇಮ್ ಮಧ್ಯದಲ್ಲೇ ನಿಂತೋಗ್ತೈತಂತೆ. ಒಂದ್ಸಲ ಹೋಗಿ ಬಾರಮ್ಮ” ಅಂದರು. ಬಸ್ಸು, ಆಮೇಲೆ ಜೀಪು, ಆಮೇಲೆ ನಡಿಗೆ. ಇಷ್ಟೆಲ್ಲ ಒಂದು ಗೇಮಿಗೆ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡೇ ಹೋದೆ.

ರಸ್ತೆ ಅಂಚಿನ ಚಿಕ್ಕ ಹೆಂಚಿನ ಮನೆ. ಬಾಗಿಲಿಗೆ ಬಂದ ರೈಟ್ರಮ್ಮ ನನ್ನ ಹಿಂದೆ ಇಣುಕಲಿಲ್ಲ. “ಬಾ ತಾಯಿ, ನೀನು ಬರ್ತೀಯ ಅಂತ ಬೆಳಗ್ಗೆಯಿಂದ ಮಿಶಿನ್ ಹಾಕ್ಕಂಡು ಕಾಯ್ತಾವ್ರೆ” ಅಂದರು.

ರೈಟ್ರು ಉದ್ದನೆಯ, ಸಣಕಲು ಮನುಷ್ಯ. ಒಂದು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಬೆರಳಿಗೆ ಕೆಲಸ ಕೊಡಿ ಎಂದು ಹಾಸನದ ಡಾಕ್ಟರು ಹಿಸುಕುವುದಕ್ಕೆ ಒಂದು ಚೆಂಡು ಕೊಟ್ಟಿದ್ದರು. ಚೆಂಡು ಮಂಚದ ಕೆಳಗೆ ಸೇರಿತ್ತು. ಅಷ್ಟರಲ್ಲಿ ಎಸ್ಟೇಟಿನ ಆಫೀಸಿಗೆ ಹೊಸ ಕಂಪ್ಯೂಟರ್ ಬಂದು, ಹಳೆಯದನ್ನು ಧಣಿಗಳು ಇವರಿಗೆ ಕೊಟ್ಟಿದ್ದರು. ಹಾಸನದಲ್ಲಿ ಟೀಚರಾಗಿದ್ದ ಮಗಳು ಅದರಲ್ಲಿ ಒಂದು ಕಾರಿನ ಆಟ ಹಾಕಿಕೊಟ್ಟು ಹೋಗಿದ್ದಳು. ಕಾರು ತಿರುಗಿಸುವ ಗುಂಡಿಗಳು ಕೀಬೋರ್ಡಿನ ಬಲಗಡೆ ಇರುವುದರಿಂದ ಬಲಗೈಯನ್ನೇ ಬಳಸಬೇಕು.

“ಚೆಂಡು ಹಿಸುಕಿದ್ರೆ ಏನ್ ಬರ್ತೈತೆ ಹೇಳಮ್ಮ. ಇಲ್ಲಿ ಕಾರಾದ್ರೂ ತಿರುಗ್ತೈತೆ” ಅಂದರು ರೈಟ್ರು. ಮಾತು ಸ್ವಲ್ಪ ತೊದಲುತ್ತಿತ್ತು.

ಆಟಕ್ಕೆ ಐದು ಸುತ್ತು. ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಕಾರು ಗಕ್ಕನೆ ನಿಂತು, ಬೂದು ಬಣ್ಣದ ಚೌಕವೊಂದು ಏಳುತ್ತಿತ್ತಂತೆ. ಅದರಲ್ಲಿದ್ದ ಇಂಗ್ಲಿಷನ್ನು ಅವರು ಬಾಯಿಪಾಠ ಮಾಡಿದ್ದರು. ‘ಮೆಮೊರಿ ಕುಡ್ ನಾಟ್ ಬಿ ರೆಡ್.’

“ನೆನಪು ಓದಕ್ಕಾಗ್ಲಿಲ್ಲ ಅಂತ. ಮೊದ್ಲು ನನ್ ವಿಷ್ಯನೇ ಹೇಳ್ತೈತೇನೋ ಅಂದ್ಕಂಡೆ.” ಅವರು ನಗಲಿಲ್ಲ. ರೈಟ್ರಮ್ಮ ನಕ್ಕರು.

ಆಮೇಲೆ ಒಂದು ನೋಟ್‌ಪುಸ್ತಕ ಮುಂದಿಟ್ಟರು. ಆಟ ಯಾವಾಗ ನಿಂತಿತು, ಎಷ್ಟನೇ ಸುತ್ತಿನಲ್ಲಿ ನಿಂತಿತು, ಎಲ್ಲವನ್ನೂ ಬರೆದಿದ್ದರಂತೆ. ತೆರೆದರೆ ಎಡಗೈಯಲ್ಲಿ ಬರೆದ ಅಕ್ಷರಗಳು, ಒಂದನೇ ಕ್ಲಾಸಿನ ಮಗುವಿನ ಬರಹದಂತೆ ಒಂದು ದೊಡ್ಡದು, ಒಂದು ಚಿಕ್ಕದು, ಗೆರೆ ಬಿಟ್ಟು ಇಳಿದದ್ದು ಇನ್ನೊಂದು. ಅರ್ಧ ಪುಟ ನೋಡಿ ಮುಚ್ಚಿಟ್ಟೆ. ಆಟ ಹಾಕಿ ನೋಡಿದೆ. ಐದೂ ಸುತ್ತು ತಡೆಯಿಲ್ಲದೆ ಓಡಿತು. ಆದರೂ ಬಂದದ್ದಕ್ಕೆ ಏನಾದರೂ ಮಾಡಬೇಕಲ್ಲ, ಬೇಡದ ಫೈಲುಗಳನ್ನು ಅಳಿಸಿದೆ, ಆಟವನ್ನು ತೆಗೆದು ಮತ್ತೆ ಹಾಕಿದೆ, ಹಾರ್ಡ್ ಡಿಸ್ಕಿನ ಒಂದಿಷ್ಟು ಜಾಗವನ್ನು ಮೆಮೊರಿಗೆ ಬಿಟ್ಟುಕೊಟ್ಟೆ. ಸಂಜೆಯ ಜೀಪಿಗೆ ಹೊರಟೆ.

ಐದನೇ ದಿನ ಸೆಂಟರಿಗೆ ಫೋನು ಬಂತು. ಮತ್ತೆ ಅದೇ ಮೂರನೇ ಸುತ್ತು.

ಎರಡನೇ ಸಲ ಹೋದಾಗ ವಿಂಡೋಸನ್ನೇ ಪೂರ್ತಿ ತೆಗೆದು ಹೊಸದಾಗಿ ಹಾಕಿದೆ. ಅರ್ಧ ದಿನ ಹಿಡಿಯಿತು. ಮೆಮೊರಿಯನ್ನು ಪರೀಕ್ಷಿಸುವ ಒಂದು ಪ್ರೋಗ್ರಾಮನ್ನೂ ಓಡಿಸಿದೆ. ಯಾವ ತಪ್ಪೂ ಸಿಗಲಿಲ್ಲ. ರೈಟ್ರನ್ನೇ ಕೂರಿಸಿ ಆಡಿಸಿದೆ. ಆಟ ನಿಲ್ಲಲೇ ಇಲ್ಲ.

“ನೀನಿದ್ದಾಗ ನಿಲ್ಲಲ್ಲ ಇದು. ನಾಳೆ ಬೆಳಗ್ಗೆ ನಿಲ್ತೈತೆ” ಅಂದರು ಅವರು. “ಪುಸ್ತಕದಲ್ಲಿ ಎಲ್ಲ ಬರ್ದೀನಿ. ಒಂದ್ಸಲ ಓದ್ಬಾರ್ದೇನಮ್ಮ?”

ಜೀಪಿನ ಹೊತ್ತಾಗಿತ್ತು. ಹಸಿವಾಗಿತ್ತು. ಇನ್ನು ಏನು ಮಾಡಬೇಕೆಂದು ನಿಜವಾಗಿ ನನಗೆ ತಿಳಿದಿರಲಿಲ್ಲ. ಅವರ ಬಲಗೈ ಬೆರಳು ಗುಂಡಿಯ ಮೇಲೆ ಕೂತರೆ ಬೇಗ ಏಳುತ್ತಿರಲಿಲ್ಲ, ಅದು ಕಣ್ಣಿಗೆ ಬಿತ್ತು.

“ಮಿಶಿನ್ ಸರಿಯಾಗೇ ಐತೆ ರೈಟ್ರೇ. ನಿಮ್ಮ ಕೈ ಕೀ ಮೇಲೆ ಜಾಸ್ತಿ ಹೊತ್ತು ಕೂತ್ಬುಡ್ತೈತೆ. ಅದಕ್ಕೇ ಗೇಮ್ ನಿಲ್ತಿರೋದು” ಅಂದುಬಿಟ್ಟೆ.

ಹಾಗೆಲ್ಲ ಆಗುವುದಿಲ್ಲ. ಹೇಳುವಾಗಲೇ ಅದು ನನಗೆ ಗೊತ್ತಿತ್ತು. ರೈಟ್ರು ಕೀಬೋರ್ಡಿನಿಂದ ಕೈಯನ್ನು ಮೆಲ್ಲಗೆ ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. “ಹಂಗಾ” ಅಂದರು. ರೈಟ್ರಮ್ಮ ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.

ಎರಡು ವಾರ ಫೋನು ಬರಲಿಲ್ಲ. ಪೀಡೆ ಕಳೆಯಿತು ಎಂದುಕೊಂಡೆ. ಮೂರನೇ ವಾರ ರೈಟ್ರಮ್ಮನೇ ವನಗೂರಿನ ಅಂಗಡಿಯಿಂದ ಫೋನು ಮಾಡಿದರು.

“ಮಿಶಿನ್ ಮೇಲೆ ಟವಲ್ ಹೊದಿಸ್ಬುಟ್ಟವ್ರೆ ತಾಯಿ. ಊಟನೂ ಎಡಗೈಲೇ ಮಾಡ್ತಾರೆ. ಯಾಕಿಂಗೆ ಅಂದ್ರೆ, ತಪ್ಪು ಕೈದೇ ಅಂತಲ್ಲ, ಇನ್ನು ಅದ್ರಿಂದ ಏನಾಗ್ಬೇಕು ಅಂತಾರೆ. ಒಂದ್ಸಲ ಬಂದೋಗವ್ವ.”

ಅವರ ದನಿಯಲ್ಲಿ ನನ್ನ ಮೇಲೆ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಎದುರು ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದೆನೋ ಏನೋ...

ಆ ಭಾನುವಾರ, ಬರುತ್ತೇನೆಂದು ಹೇಳದೆ ಹೋದೆ. ರೈಟ್ರು ಜಗಲಿಯಲ್ಲಿ ಕೂತಿದ್ದರು. “ಬಾರಮ್ಮ” ಅಂದರು, ಅಷ್ಟೇ. ನಾನು ಕಂಪ್ಯೂಟರಿನ ಹತ್ತಿರ ಹೋಗದೆ ಪುಸ್ತಕ ಕೊಡಿ ಎಂದೆ. ಅವರ ಪಕ್ಕದಲ್ಲೇ ಕೂತು ಮೊದಲ ಪುಟದಿಂದ ಓದಿದೆ.

‘ಬೆಳಿಗ್ಗೆ ಏಳು. ಮಿಶಿನ್ ಹಾಕಿದ ಕೂಡಲೇ ಆಟ. ಮೂರನೇ ಸುತ್ತು, ನಿಂತಿತು. ಮಂಜು.’ ‘ಸಂಜೆ ನಾಲ್ಕು. ಮಧ್ಯಾಹ್ನದಿಂದ ಮಿಶಿನ್ ಹಾಕಿಯೇ ಇತ್ತು. ಐದೂ ಸುತ್ತು.’ ‘ಬೆಳಿಗ್ಗೆ ಎಂಟು. ಕೂಡಲೇ ಆಟ. ಎರಡನೇ ಸುತ್ತು, ನಿಂತಿತು. ಕರೆಂಟ್ ಸರಿ ಇದೆ.’ ಹೀಗೆ ಒಂದು ದಿನವೂ ಬಿಡದೆ, ಆಳುಗಳ ಹಾಜರಿ ಹಾಕಿದಂತೆ ಬರೆದಿದ್ದರು. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ವಿಷಯ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಮಿಶಿನ್ ತಣ್ಣಗಿದ್ದಾಗ ನಿಲ್ಲುತ್ತದೆ, ಬಿಸಿಯಾದ ಮೇಲೆ ನಿಲ್ಲುವುದಿಲ್ಲ. ನಾನು ಬರುತ್ತೇನೆಂದು ತಿಳಿದ ದಿನವೆಲ್ಲ ಅವರು ಬೆಳಗ್ಗೆಯೇ ಅದನ್ನು ಹಾಕಿಟ್ಟು ಕಾಯುತ್ತಿದ್ದರು. ನನಗೆ ತೊಂದರೆ ಆಗದಿರಲಿ ಎಂದು. ಹಾಗಾಗಿ ನನ್ನ ಎದುರು ಅದು ಒಂದು ಸಲವೂ ನಿಲ್ಲಲಿಲ್ಲ.

ಪುಸ್ತಕದ ನಡುವೆ ಅಕ್ಷರ ಬದಲಾಗಿತ್ತು. ಎಡಗೈಯ ಸೊಟ್ಟ ಸಾಲುಗಳ ಮಧ್ಯೆ ಅಲ್ಲೊಂದು ಇಲ್ಲೊಂದು, ನಡುಗುತ್ತಿದ್ದರೂ ಒಂದಕ್ಕೊಂದು ಕೂಡಿಕೊಂಡ ದುಂಡು ಅಕ್ಷರದ ಸಾಲು.

“ಇದು ಯಾರು ಬರೆದಿದ್ದು?” ಅಂದೆ.

“ನಾನೇ. ಬಲಗೈಲಿ.”

ಆ ಸಾಲುಗಳು ಪುಟದಿಂದ ಪುಟಕ್ಕೆ ಹೆಚ್ಚುತ್ತಾ ಹೋಗಿ, ಬರೆದಿದ್ದ ಕೊನೆಯ ಪುಟವಿಡೀ ಬಲಗೈಯದೇ ಆಗಿತ್ತು. ಅದರ ಕೊನೆಯಲ್ಲಿ ನಾನು ಎರಡನೇ ಸಲ ಬಂದು ಹೋದ ದಿನ. ಅಲ್ಲಿಂದ ಮುಂದೆ ಪುಸ್ತಕ ಖಾಲಿ.

ಸ್ವಲ್ಪ ಹೊತ್ತು ಪುಟ ಮಗುಚುತ್ತಾ ಕೂತೆ, ಅವರ ಮುಖ ನೋಡುವುದಕ್ಕೆ ಆಗದೆ. ಆಮೇಲೆ ಎದ್ದು ಟವಲು ತೆಗೆದೆ. ಎರಡು ವಾರದಿಂದ ತಣ್ಣಗಿದ್ದ ಮಿಶಿನ್ ಹಾಕಿ ಆಟ ಶುರು ಮಾಡಿದೆ. ಎರಡನೇ ಸುತ್ತಿನ ತಿರುವಿನಲ್ಲೇ ಕಾರು ನಿಂತು ಬೂದು ಚೌಕ ಎದ್ದಿತು. ಆಡುತ್ತಿದ್ದುದು ನನ್ನ ಕೈ. ಒಂದು ದೋಷ ಕಣ್ಣೆದುರು ಕಂಡದ್ದಕ್ಕೆ ಅಷ್ಟು ಸಮಾಧಾನ ನನಗೆ ಬೇರೆ ಯಾವತ್ತೂ ಆಗಿಲ್ಲ. ಬಿಚ್ಚಿ ನೋಡಿದರೆ ಮೆಮೊರಿ ಪಟ್ಟಿಯ ಹಲ್ಲುಗಳ ಮೇಲೆ ಕಪ್ಪಗೆ ಕಿಲುಬು. ರಾತ್ರಿಯ ಶೀತ ಅದರ ಮೇಲೆ ಕೂತರೆ ಸಂಪರ್ಕ ತಪ್ಪುತ್ತದೆ, ಮಿಶಿನ್ ಕಾದು ಒಣಗಿದರೆ ಸರಿಹೋಗುತ್ತದೆ. ಮನೆಯಲ್ಲಿ ರಬ್ಬರ್ ಇದೆಯಾ ಎಂದೆ. ರೈಟ್ರು ಎದ್ದು ಹೋಗಿ, ಎಸ್ಟೇಟಿನ ಕಾಲದ ತಗಡಿನ ಡಬ್ಬಿಯಿಂದ ಅರ್ಧ ಸವೆದ ರಬ್ಬರ್ ತಂದುಕೊಟ್ಟರು.

ಉಜ್ಜುತ್ತಲೇ ಹೇಳಿದೆ. “ನಿಮ್ಮ ಕೈದಲ್ಲ ರೈಟ್ರೇ. ಕಿಲುಬು.”

ಅವರು ಪಟ್ಟಿಯನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು. “ಅವತ್ತು ಕೈ ಅಂತ ಯಾಕ್ ಹೇಳ್ದೆ?”

ಕೋಪವಿರಲಿಲ್ಲ. ತಿಳಿದುಕೊಳ್ಳುವುದಕ್ಕಾಗಿಯೇ ಕೇಳಿದ್ದರು.

“ಏನಾಗೈತೆ ಅಂತ ಗೊತ್ತಾಗ್ಲಿಲ್ಲ. ಗೊತ್ತಾಗ್ಲಿಲ್ಲ ಅಂತ ಹೇಳಕ್ಕೂ ಆಗ್ಲಿಲ್ಲ” ಅಂದೆ.

ಅವರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. “ನಾನೂ ಹಂಗೆ ಮಾಡೀನಿ ಕಣಮ್ಮ. ಒಂದಿನ ದಟ್ಟ ಮಂಜು. ತೋಟದ ಆ ತುದಿಗೆ ನಡ್ದು ಹೋಗಿ ನೋಡಕ್ಕೆ ಬೇಜಾರಾಗಿ, ಅಲ್ಲಿ ಕೆಲ್ಸ ಮಾಡ್ತಿದ್ದ ಹೆಂಗಸಿಗೆ ಆಬ್ಸೆಂಟ್ ಹಾಕ್ಬುಟ್ಟೆ. ಸಾಯಂಕಾಲ ಬಂದು ಕೇಳಿದ್ಲು. ನೀನು ಬಂದೇ ಇರ್ಲಿಲ್ಲ ಅಂತ ಅವ್ಳಿಗೇ ಹೇಳ್ದೆ. ಮಾರ್ನೇ ವಾರ ಆಳುಗಳ ಲೈನ್ ಮನೆ ಬಿಟ್ಟು ಹೊಂಟೋದ್ಲು.”

“ಆಮೇಲೆ?”

“ಆಮೇಲೇನು. ನೀನು ವಾಪಸ್ ಬಂದೆ. ನಾನು ಅವ್ಳನ್ನ ಹುಡ್ಕಂಡು ಹೋಗ್ಲಿಲ್ಲ.”

ಪಟ್ಟಿಯನ್ನು ಮತ್ತೆ ಕೂರಿಸಿ, ಮಿಶಿನ್ನು ಪೂರ್ತಿ ತಣ್ಣಗಾಗುವವರೆಗೆ ಕಾದೆವು. ರೈಟ್ರಮ್ಮ ಅಕ್ಕಿರೊಟ್ಟಿ ಮಾಡಿದರು. ಆಮೇಲೆ ರೈಟ್ರು ಬಂದು ಕೂತು, ಎಡಗೈಯಿಂದ ಬಲಗೈಯನ್ನು ಎತ್ತಿ ಗುಂಡಿಗಳ ಮೇಲೆ ಇಟ್ಟರು. ಎರಡನೇ ಸುತ್ತು ಕಳೆಯಿತು. ಮೂರನೆಯದೂ ಕಳೆಯಿತು. ಕಾರು ಎರಡು ಸಲ ಬೇಲಿಗೆ ಗುದ್ದಿ, ಹಿಂದಕ್ಕೆ ಸರಿದು, ಮತ್ತೆ ಓಡಿ, ಐದೂ ಸುತ್ತು ಮುಗಿಸಿತು. ಅವರು ಪುಸ್ತಕ ತೆಗೆದುಕೊಂಡು ಬಲಗೈಯಲ್ಲಿ ನಿಧಾನವಾಗಿ ಬರೆದರು. ‘ಭಾನುವಾರ. ತಣ್ಣನೆ ಮಿಶಿನ್. ಐದೂ ಸುತ್ತು.’

ಅದಾದ ಮೇಲೆ ನಾಲ್ಕು ವರ್ಷ ಅವರಿದ್ದರು. ಹೆತ್ತೂರು, ವನಗೂರಿನ ಕಡೆ ಕೆಲಸವಿದ್ದಾಗಲೆಲ್ಲ ನಾನು ಅಲ್ಲಿಳಿದು ಕಾಫಿ ಕುಡಿದೇ ಬರುತ್ತಿದ್ದೆ. ಕೈ ಮೊದಲಿನಂತೆ ಆಗಲಿಲ್ಲ, ಆದರೆ ಉಣ್ಣುವುದಕ್ಕೆ, ಬರೆಯುವುದಕ್ಕೆ, ಅಂಗಿ ಗುಂಡಿ ಹಾಕಿಕೊಳ್ಳುವುದಕ್ಕೆ ಬಂತು. ಒಂದು ಮಳೆಗಾಲದಲ್ಲಿ ಎರಡನೇ ಸಲ ಲಕ್ವ ಹೊಡೆಯಿತು. ಮರ ಬಿದ್ದು ಫೋನಿನ ತಂತಿ ಹರಿದಿದ್ದರಿಂದ ಸುದ್ದಿ ನನಗೆ ಮುಟ್ಟುವಾಗ ಮಣ್ಣಾಗಿ ಹತ್ತು ದಿನ.

ಹೋದೆ. ರೈಟ್ರಮ್ಮನಿಗೆ ಓದು ಬರುತ್ತಿರಲಿಲ್ಲ. ನೋಟ್‌ಪುಸ್ತಕಗಳು ಮೂರಾಗಿದ್ದವು. ಅವನ್ನು ತಂದು ನನ್ನ ಮುಂದೆ ಇಟ್ಟು, “ಇದ್ರಲ್ಲಿ ನನ್ ವಿಷ್ಯ ಏನಾರ ಐತಾ ನೋಡವ್ವ” ಅಂದರು. ಸುತ್ತು, ಮಂಜು, ಕರೆಂಟು ಎಲ್ಲ ಬಿಟ್ಟು ಹುಡುಕುತ್ತಾ ಹೋದೆ. ಮೂರನೆಯದರಲ್ಲಿ ಒಂದು ಕಡೆ ಸಿಕ್ಕಿತು. ‘ಐದೂ ಸುತ್ತು. ಇವಳು ಪಕ್ಕದಲ್ಲಿ ಕೂತು ನೋಡಿದಳು. ಕೊನೆಯ ಸುತ್ತು ಇವಳೇ ಓಡಿಸಿದಳು.’

“ಕಲ್ಲಿಗೆ ಗುದ್ದಿಸ್ಬುಟ್ಟೆ ಅಂತ ಬರ್ದಿಲ್ವ?” ಅಂದರು ರೈಟ್ರಮ್ಮ.

“ಇಲ್ಲ.”

“ಗುದ್ದಿಸಿದ್ದೆ” ಅಂದರು.

ಮುಂದೆ ಅವರು ಹಾಸನದ ಮಗಳ ಮನೆ ಸೇರಿದರು. ಈ ವರ್ಷ ಬೇಸಿಗೆಯಲ್ಲಿ ಅವರೂ ತೀರಿಕೊಂಡರು. ಈ ಸಲ ಮಗಳು ಅದೇ ದಿನ ಫೋನು ಮಾಡಿದಳು. ಮಣ್ಣಿಗೆ ವನಗೂರಿಗೇ ತಂದಿದ್ದರು. ಹೊತ್ತಿಗೆ ಮುಂಚೆಯೇ ತಲುಪಿದೆ, ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಕೆಲಸದ ಮೇಲೆ ಈಗಲೂ ಆ ಕಡೆ ಹೋಗುವುದುಂಟು. ಮುಗಿದ ಕೂಡಲೇ ಮೊದಲು ಸಿಕ್ಕ ಜೀಪು ಹತ್ತಿ ವಾಪಸಾಗುತ್ತೇನೆ. ದಾರಿಯಲ್ಲಿ ಇಳಿಯುವುದಕ್ಕೆ ಈಗ ನನಗೆ ಯಾವ ಮನೆಯೂ ಇಲ್ಲ.