ಬಿಸಿಲಿಗೆ ಹಿಡಿದು ನೋಡಿದ ರೀಲು

2025ರ ಅಕ್ಟೋಬರ್ 9, ಗುರುವಾರ, ಬೆಳಿಗ್ಗೆ 10.40. ಕೊಪ್ಪಳದ ನನ್ನ ಕ್ಯಾಮೆರಾ ರಿಪೇರಿ ಅಂಗಡಿಗೆ ಕೊರಿಯರ್‌ನಲ್ಲಿ ಒಂದು ಲಿಥಿಯಂ ಬ್ಯಾಟರಿ ಬಂತು. ಕುಷ್ಟಗಿಯ ರೆಹಾನಾ ಅವರ ಹಳೆಯ ಕ್ಯಾಮೆರಾಕ್ಕೆಂದು ತರಿಸಿದ್ದು. ತಿಳಿಸಲು ಫೋನ್ ಮಾಡಿದರೆ ಅತ್ತ ಅಳುವುದಷ್ಟೇ ಕೇಳಿಸಿತು. ಮಧ್ಯಾಹ್ನ ಅವರೇ ಚೀಲ ಹಿಡಿದು ಬಂದರು. ಅಂದು ಹತ್ತಿದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ರೆಹಾನಾ ಅವರ ತಂದೆ ಖಾಜಾಸಾಬ್ ಕುಷ್ಟಗಿಯಲ್ಲಿ ಸ್ಟುಡಿಯೋ ಇಟ್ಟಿದ್ದವರು. ಅದೇ ವರ್ಷದ ಬೇಸಿಗೆಯಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅಲಮಾರಿಯ ಕ್ಯಾಮೆರಾ ತೋರಿಸಿ, "ಅದ್ರಾಗ ನಿಮ್ಮ ಅಮ್ಮಿ ಅದಾಳ" ಎಂದಿದ್ದರಂತೆ. ಅಮ್ಮಿ ಹೋದಾಗ ರೆಹಾನಾಗೆ ಆರು ವರ್ಷ. ಮನೆಯಲ್ಲಿದ್ದ ಒಂದೇ ಫೋಟೋ ತೇವಕ್ಕೆ ಗಾಜಿಗೆ ಅಂಟಿ, ಮುಖವೇ ಅಳಿಸಿಹೋಗಿತ್ತು. ಕ್ಯಾಮೆರಾದ ಮೋಟರ್ ಸಪ್ಪಳ ಕೇಳಿದರೆ ಸಾಕು, ಅಮ್ಮಿ ಸೆರಗು ಎಳೆದುಕೊಂಡು ಒಳಗೆ ನಡೆಯುತ್ತಿದ್ದರಂತೆ. ಒಮ್ಮೆ ಮಾತ್ರ, ಹೊಸ ರೀಲು ಹಾಕಿದ ಕೂಡಲೇ, ಖಾಜಾಸಾಬ್ ಹೇಳದೆ ಕ್ಲಿಕ್ಕಿಸಿ ಆಕೆಯ ಮುಖ ಸೆರೆಹಿಡಿದಿದ್ದರು. ಆಕೆ ತೀರಿದ ಮೇಲೆ ಆ ರೀಲು ಮುಗಿಸಲು ಅವರಿಗೆ ಮನಸ್ಸು ಬರಲಿಲ್ಲ.

ಅದು 35 ಎಂ.ಎಂ. ಎಸ್‌ಎಲ್‌ಆರ್. ಲೆನ್ಸ್ ಕಂಡದ್ದನ್ನೇ ಕನ್ನಡಿಯ ಮೂಲಕ ಕಣ್ಣಿಗೆ ತೋರಿಸುವ ಬಗೆಯದು. ರೀಲು ಸುತ್ತಲು ಒಳಗೇ ಮೋಟರ್ ಇದೆ. ಹೊಸ ರೀಲು ಹಾಕಿದೊಡನೆ ಮೋಟರ್ ಅದನ್ನೆಲ್ಲ ಡಬ್ಬಿಯಿಂದ ಹೊರಗೆಳೆದು ಆಚೆ ಬದಿಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಒಂದೊಂದು ಫೋಟೋ ತೆಗೆದಂತೆ ಅಷ್ಟಷ್ಟನ್ನೇ ಮತ್ತೆ ಡಬ್ಬಿಯೊಳಕ್ಕೆ ಸೇರಿಸುತ್ತದೆ. ಹೀಗಾಗಿ ಯಾರಾದರೂ ಅಪ್ಪಿತಪ್ಪಿ ಹಿಂಬದಿಯ ಮುಚ್ಚಳ ತೆರೆದರೂ, ತೆಗೆದ ಫೋಟೋಗಳು ಡಬ್ಬಿಯ ಕತ್ತಲಲ್ಲಿ ಸುರಕ್ಷಿತ. ಬ್ಯಾಟರಿ ಬಂದರೆ ಮೋಟರ್ ಓಡಿಸಿ, ಉಳಿದದ್ದನ್ನೂ ಒಳಗೆಳೆದು, ರೀಲನ್ನು ನಾನೇ ತೊಳೆದುಕೊಡುತ್ತೇನೆ ಎಂದು ಹೇಳಿ, ಅಲ್ಲಿಯವರೆಗೆ ಕ್ಯಾಮೆರಾವನ್ನು ರೆಹಾನಾ ಕೈಗೇ ಮರಳಿಸಿದ್ದೆ. ಬಣ್ಣ ಮಾಸಿದರೂ ಮುಖ ಸಿಗುವ ನಂಬಿಕೆ ಇತ್ತು.

ಬ್ಯಾಟರಿ ದಾರಿಯಲ್ಲಿದ್ದಾಗಲೇ ಗಂಗಾವತಿಯ ವೀರೇಶ ಎಂಬವನು ರೆಹಾನಾ ಅವರ ಮನೆಗೆ ಹೋಗಿದ್ದ. ಮದುವೆಗೆ ಮುಂಚಿನ ಜೋಡಿ ಫೋಟೋ ತೆಗೆಯುವುದು ಅವನ ಕಸುಬು. ವಧುವಿನ ಕೈಯಲ್ಲಿ ಹಳೆಯ ಕ್ಯಾಮೆರಾ ಹಿಡಿಸಬೇಕೆಂದು ಕೇಳಿದ. "ಒಳಗ ರೀಲ್ ಐತಿ, ಹಿಂದಿನ ಮುಚ್ಚಳ ಮಾತ್ರ ತಗೀಬ್ಯಾಡ್ರಿ" ಎಂದು ರೆಹಾನಾ ಎರಡು ಸಲ ಹೇಳಿಯೇ ಕೊಟ್ಟರು. ಕೊಟ್ಟದ್ದು ಆರು ವಸ್ತು: ಕ್ಯಾಮೆರಾ, ಎರಡು ಲೆನ್ಸ್, ಫ್ಲ್ಯಾಶ್, ಚರ್ಮದ ಕೇಸು, ಮತ್ತು ಕ್ಯಾಮೆರಾ ಮುಟ್ಟದೆ ಕ್ಲಿಕ್ಕಿಸಲು ತುದಿಯಲ್ಲಿ ಗುಂಡಿ ಇರುವ ರಿಮೋಟ್ ವೈರು.

ಮರಳಿ ಬಂದದ್ದು ಐದು. ವೈರು ಇರಲಿಲ್ಲ. ಚೀಲದ ತಳದಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು ಇಡೀ ರೀಲು, ಕೆಸರು ಮೆತ್ತಿಕೊಂಡು. ವೀರೇಶ ಹಂಚಿಕೊಂಡಿದ್ದ ಆ ಜೋಡಿಯ ವಿಡಿಯೋದಲ್ಲಿ ನೋಡಿದೆ. ನವಲಿಯ ಭತ್ತದ ಗದ್ದೆ, ಉರಿಬಿಸಿಲು, ವಧು-ವರರ ಕೊರಳಲ್ಲಿ ಹಾರದಂತೆ ಆ ರೀಲು.

ಮರುದಿನ ಗಂಗಾವತಿಗೆ ಹೋದೆ. ವೀರೇಶ ಸ್ಟುಡಿಯೋದಲ್ಲಿ ಗೆಳೆಯನೊಡನೆ ಚಹಾ ಕುಡಿಯುತ್ತಿದ್ದ.

"ಏನ್ ಅಣ್ಣಾರ, ಒಂದು ರೀಲಿನ ಸಲುವಾಗಿ ಕೊಪ್ಪಳದಿಂದ ಬಂದ್ರ್ಯಾ?"

"ಮುಚ್ಚಳ ತಗೀಬ್ಯಾಡ ಅಂದಿದ್ರಿಲ್ಲೋ ನಿನಗ?"

"ತಗದ್ರ ಏನಾತ್ರಿ? ಸುಮ್ನ ತಗದಿಲ್ಲ ನಾ. ಪೂರಾ ಹೊರಗ ಎಳದು, ಬಿಸಿಲಿಗೆ ಹಿಡದು ಚೆಕ್ ಮಾಡೇನಿ. ಒಂದೂ ಫೋಟೋ ಇದ್ದಿಲ್ಲ. ಖಾಲಿ ರೀಲಿಗೆ ಇಷ್ಟು ಗದ್ಲ ಯಾಕ?"

ತೊಳೆಯದ ರೀಲಿನಲ್ಲಿ ಫೋಟೋ ಕಣ್ಣಿಗೆ ಕಾಣುವುದಿಲ್ಲ. ರಾಸಾಯನಿಕದಲ್ಲಿ ತೊಳೆದ ಮೇಲಷ್ಟೇ ಮೂಡುತ್ತದೆ. ಅಲ್ಲಿಯವರೆಗೆ ಬೆಳಕು ಸೋಕಬಾರದು. ಇದೆಯೋ ಇಲ್ಲವೋ ಎಂದು ಇವನು ಯಾವ ಬಿಸಿಲಲ್ಲಿ ಪರೀಕ್ಷಿಸಿದನೋ, ಅದೇ ಬಿಸಿಲು ಆ ತಾಯಿಯನ್ನು ಅಳಿಸಿತ್ತು. ಇದನ್ನೆಲ್ಲ ಹೇಳಿದೆ.

"ನಮ್ಮ ಮೆಮೊರಿ ಕಾರ್ಡಿನಾಗ ಇಂಥಾ ತಕರಾರು ಇಲ್ಲ ಬಿಡ್ರಿ" ಎಂದು ಗೆಳೆಯ ನಕ್ಕ.

"ಆ ಅಕ್ಕಾರಿಗೆ ಹೇಳ್ರಿ, ಬೇಕಾದ್ರ ಇಂಥಾದ ಇನ್ನೊಂದು ರೀಲ್ ತಂದು ಕೊಡ್ತೀನಿ" ಎಂದ ವೀರೇಶ.

"ವೈರ್ ಎಲ್ಲಿ?"

"ಅದಾ? ಗದ್ದ್ಯಾಗ ಬಿದ್ದಿರಬೇಕ್ರಿ."

ತಿಳಿಯದಿರುವುದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಅವನು ಕಸುಬಿಗೆ ಬರುವ ಹೊತ್ತಿಗೆ ರೀಲಿನ ಕಾಲವೇ ಮುಗಿದಿತ್ತು. ಆದರೆ ತೆಗೆಯಬೇಡ ಎಂಬ ಮಾತು ಅರ್ಥವಾಗಲು ಯಾವ ವಿದ್ಯೆ ಬೇಕು? ಬೇರೆಯವರ ಮನೆಯ ವಸ್ತು ನಿನ್ನ ಕೈಯಲ್ಲಿ ಬರೀ ಅಲಂಕಾರವಾದದ್ದು ಹೇಗೆ? ಕೇಳಿದೆ. ಅವನು ಫೋನ್ ನೋಡುತ್ತ ಕುಳಿತ.

ಆದರೂ ರೀಲು ತೊಳೆದೆ. ಈ ತುದಿಯಿಂದ ಆ ತುದಿಯವರೆಗೆ ಕಪ್ಪು.

ರೆಹಾನಾ ಅದನ್ನು ಸುರುಳಿ ಸುತ್ತಿ ಚೀಲದೊಳಗಿಟ್ಟರು. ಆಮೇಲೆ, "ಅಣ್ಣಾ, ಅಬ್ಬಾ ನಮ್ಮ ಫೋಟೋಕ್ಕ ಬ್ಯಾರೆ ರೀಲ್ ಹಾಕ್ತಿದ್ದಿಲ್ಲ. ಮಂದಿ ಮದಿವಿ ಮುಗದ ಮ್ಯಾಲೆ ಉಳದ ಶಾಟ್ ಅಷ್ಟ ನಮಗ" ಎಂದರು.

ಅದು ಖಾಜಾಸಾಬರ ರೂಢಿ. ರೀಲು ಮುಗಿಯದೆ ಲ್ಯಾಬಿಗೆ ಕಳಿಸುವಂತಿಲ್ಲ, ಉಳಿದ ಎರಡೋ ಮೂರೋ ಫೋಟೋ ಮನೆಯವರಿಗೆ. ಆದರೆ ಆಲ್ಬಮ್ ಜೊತೆ ನೆಗೆಟಿವ್ ಎಲ್ಲವನ್ನೂ ಮದುವೆ ಮನೆಗೇ ಕೊಟ್ಟುಬಿಡುತ್ತಿದ್ದರು. ಅಂದರೆ ಈ ಸಂಸಾರದ ಚಿತ್ರಗಳು ಊರೂರಿನ ಟ್ರಂಕುಗಳಲ್ಲಿವೆ!

ಮುಂದಿನ ಭಾನುವಾರ ರೆಹಾನಾಗೆ ನೆನಪಿದ್ದ ಒಂದೇ ಮನೆಗೆ ಹೋದೆವು, ಯಲಬುರ್ಗಾ ಕಡೆಯ ಬೇವೂರಿಗೆ. ಮನೆಯೊಡತಿ ಹನಮವ್ವ ಕೇಳಿದೊಡನೆ ನಕ್ಕರು. "ಹೌದ್ರಿ, ನಮ್ಮ ಮದಿವ್ಯಾಗ ಯಾರದೋ ಕೂಸು ಐತಿ! ಇದು ಯಾವ ಕಡೆ ಬೀಗರದು ಅಂತ ನಮ್ಮತ್ತಿ ಸಾಯೂತನಕ ಕೇಳಿದ್ಲು."

ಕೊನೆಯ ನೆಗೆಟಿವ್ ತುಂಡನ್ನು ಬೆಳಕಿಗೆ ಹಿಡಿದು, ಫೋನಿನಲ್ಲಿ ಬಣ್ಣ ತಿರುಗಿಸಿ ತೋರಿಸಿದೆ. ಖಾಜಾಸಾಬ್ ಹೊಸ್ತಿಲ ಮೇಲೆ ಕುಳಿತಿದ್ದಾರೆ, ತೊಡೆಯ ಮೇಲೆ ಪುಟ್ಟ ರೆಹಾನಾ. ಅಂಚಿನಲ್ಲಿ, ಲೆನ್ಸಿಗೆ ತೀರ ಹತ್ತಿರ, ಮಸುಕಾಗಿ ಹಸಿರು ಬಳೆಯ ಒಂದು ಕೈ. ಬೆರಳ ನಡುವೆ ವೈರಿನ ಗುಂಡಿ. ಕ್ಯಾಮೆರಾಕ್ಕೆ ಮುಖ ಕೊಡದ ಹೆಣ್ಣುಮಗಳು ಕ್ಯಾಮೆರಾದ ಹಿಂದೆ ನಿಂತಿದ್ದಳು.

"ಕೈ ಸಿಕ್ತು, ಅಣ್ಣಾ" ಎಂದರು ರೆಹಾನಾ.

ಈಗ ಯಾವ ಹಳೆಯ ಕ್ಯಾಮೆರಾ ಬಂದರೂ, ಏನು ಕೆಟ್ಟಿದೆ ಎಂದು ಕೇಳುವ ಮೊದಲು, ಒಳಗೆ ಯಾರಿದ್ದಾರೆ ಎಂದು ಕೇಳುತ್ತೇನೆ.

ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯವರೇ, ನಿಮ್ಮ ಮನೆಯ ಮದುವೆ ಫೋಟೋಗಳನ್ನು ಖಾಜಾಸಾಬ್ ತೆಗೆದಿದ್ದರೆ ನೆಗೆಟಿವ್‌ಗಳ ಕೊನೆಯ ತುಂಡು ನೋಡಿ. ನಿಮ್ಮವರಲ್ಲದ, ಸೆರಗು ಎಳೆದುಕೊಳ್ಳುತ್ತಿರುವ ಒಬ್ಬ ಹೆಣ್ಣುಮಗಳು ಕಂಡರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಬರೆಯಿರಿ. ನೆಗೆಟಿವ್ ಕಳಿಸಬೇಡಿ. ನಾವೇ ನಿಮ್ಮ ಮನೆಗೆ ಬಂದು ನೋಡುತ್ತೇವೆ.