ಮೂವತ್ತೆಂಟು ಸಾವಿರ ಅಡಿ ಮೇಲಿನ ಮೂಗು

ಕಿಟಕಿಯ ಪರದೆಯ ಅಂಚಿನಲ್ಲಿ ಬೆಳಕು ಒಂದು ಗೆರೆಯಷ್ಟು ಮೂಡಿದೆ. ಸಿಂಗಪುರದಿಂದ ಲಂಡನ್ನಿಗೆ ಹೊರಟ ವಿಮಾನದಲ್ಲಿ ಹನ್ನೊಂದು ಗಂಟೆ ಕಳೆದಿದೆ. ನಲವತ್ಮೂರನೇ ಸಾಲಿನ ಸೆಂಗಾ ಮಕಾಸ್ಕಿಲ್ ಮುಂದಿನ ಸೀಟಿನ ಬೆನ್ನಿಗಿರುವ ಮಡಿಚುಹಲಗೆಯ ಮೇಲೆ ನಾಲ್ಕು ಪ್ಲಾಸ್ಟಿಕ್ ಲೋಟ ಜೋಡಿಸಿ, ಒಂದೊಂದಕ್ಕೂ ಒಂದು ಚಮಚ ವಿಸ್ಕಿ, ಅಷ್ಟೇ ನೀರು ಹಾಕುತ್ತಾರೆ. ಮೂಸುತ್ತಾರೆ. ಬಾಯಿಗೆ ಹಾಕಿಕೊಂಡು ಹನ್ನೆರಡು ಎಣಿಸಿ, ವಾಂತಿಗೆಂದು ಇಟ್ಟಿರುವ ಕಾಗದದ ಚೀಲಕ್ಕೆ ಉಗಿಯುತ್ತಾರೆ.

"ಬೆಳ್‌ಬೆಳಗ್ಗೇನೇ ಶುರು ಹಚ್ಕೊಂಡ್ರಲ್ಲ ತಾಯಿ," ಎನ್ನುತ್ತಾನೆ ಪಕ್ಕದ ಸೀಟಿನ ಅಬರ್ಡೀನ್ ಕಡೆಯವನು. "ಉಗಿಯೋದೇ ಆದ್ರೆ ನಂಗಾದ್ರೂ ಕೊಡಿ."

"ಇದು ಕೆಲಸ ಕಣಪ್ಪ."

"ಇಂಥ ಕೆಲಸ ನಂಗೂ ಒಂದು ಕೊಡ್ಸಿ."

ಈ ಮಾತು ಹನ್ನೊಂದು ವರ್ಷದಿಂದ ಸೆಂಗಾ ಅವರ ಬೆನ್ನು ಬಿಟ್ಟಿಲ್ಲ. ಗ್ಲಾಸ್ಗೋ ನಿಲ್ದಾಣದ ತಪಾಸಣೆಯವರು ಸಣ್ಣ ಬಾಟಲಿಗಳನ್ನೂ ಅನುಮತಿ ಪತ್ರವನ್ನೂ ನೋಡಿ ಇದನ್ನೇ ಹೇಳುತ್ತಾರೆ, ಹಲ್ಲಿನ ಡಾಕ್ಟರೂ ಇದನ್ನೇ ಹೇಳುತ್ತಾರೆ. "ಬಾಯೊಳಗೆ ಉಪಕರಣ ಇಟ್ಕೊಂಡು ಹೇಳ್ತಾರೆ, ತಿರುಗಿ ಬೈಯೋಕೂ ಆಗಲ್ಲ," ಎನ್ನುತ್ತಾರೆ ಸೆಂಗಾ.

ಐವತ್ನಾಲ್ಕರ ಸೆಂಗಾ ಗ್ಲಾಸ್ಗೋ ಪಕ್ಕದ ಪೇಸ್ಲಿಯವರು. ಹತ್ತೊಂಬತ್ತಕ್ಕೆ ಅಲ್ಲಿನ ಸ್ಕಾಚ್ ಮಿಶ್ರಣ ಮಾಡುವ ಸಂಸ್ಥೆಯೊಂದರಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸಲು ಸೇರಿದರು. ಒಂದು ದಿನ ಪಕ್ಕದಲ್ಲಿ ಉರುಳಿ ಹೋದ ಪೀಪಾಯಿ ಒದ್ದೆ ಉಣ್ಣೆಯ ಹಾಗೆ ನಾರುತ್ತಿದೆ ಎಂದು ಗೊಣಗಿದರು. ಪರೀಕ್ಷಿಸುವ ಕೋಣೆಯವರಿಗೆ ಅದು ಗೊತ್ತಾಗಿದ್ದು ಎರಡು ದಿನದ ಮೇಲೆ. ಮರುವಾರವೇ ಸೆಂಗಾ ಅವರನ್ನು ಆ ಕೋಣೆಗೆ ಎಳೆದುಕೊಂಡರು.

ನೆಲದ ಮೇಲೆ ದುಂಡಗಿರುವ ರುಚಿ ಆಕಾಶದಲ್ಲಿ ಚಪ್ಪಟೆಯಾಗುತ್ತದೆ. ಒಣ ಗಾಳಿಗೆ ಮೂಗು ಮಂಕಾಗುತ್ತದೆ, ನಾಲಿಗೆ ಮರಗಟ್ಟುತ್ತದೆ. ವಿಮಾನದಲ್ಲೇ ಕುಡಿಯಲೆಂದು ಬೆರೆಸುವ ವಿಸ್ಕಿಯನ್ನು ಯಾರಾದರೂ ವಿಮಾನದಲ್ಲೇ ರುಚಿ ನೋಡಬೇಕು. ಮುಖ್ಯ ಮಿಶ್ರಣಗಾರ ಡೂಗಲ್ ರೆನ್ವಿಕ್ ಏಣಿ ಹತ್ತಿದರೂ ಬೆವರುವ ಮನುಷ್ಯ. ಹಾಗಾಗಿ ಹನ್ನೊಂದು ವರ್ಷದಿಂದ ಸೆಂಗಾ ಹಾರುತ್ತಾರೆ. ತಿಂಗಳಿಗೆ ಎರಡು ಸಲ, ಪ್ರತಿ ಸಲವೂ ಹಿಂದಿರುಗುವಾಗ ನಾಲ್ಕು ಲೋಟ. ಹೊರಡುವ ಮೂರು ದಿನ ಮುಂಚಿನಿಂದ ಸುಗಂಧದ ಸಾಬೂನಿಲ್ಲ, ಖಾರವಿಲ್ಲ. "ಮದ್ವೆಯಾಗಿ ಮೂವತ್ತು ವರ್ಷ ಆಯ್ತು, ಮನೇಲಿ ನೆಮ್ಮದಿಯಾಗಿ ಒಂದು ಈರುಳ್ಳಿ ಹುರಿಯೋ ಹಾಗಿಲ್ಲ," ಎಂಬುದು ಗಂಡ ಆಲೆಕ್‌ನ ದೂರು.

ಈ ಬೆಳಗಿನ ನಾಲ್ಕು ಲೋಟಗಳಲ್ಲಿ ಎರಡು ಹಳೆಯ ಮಿಶ್ರಣ, ಎರಡು ಹೊಸದು. ಯಾವುದು ಯಾವುದೆಂದು ಬಾಟಲಿಯ ತಳದಲ್ಲಷ್ಟೇ ಬರೆದಿದೆ. ಕಳೆದ ಮೂರು ಹಾರಾಟದಲ್ಲೂ ಸೆಂಗಾ 'ನಿಂಬೆ ಅತಿಯಾಯಿತು' ಎಂದು ಬರೆದು ಅಡಿಗೆರೆ ಎಳೆದಿದ್ದರು. ಅದನ್ನು ನಂಬಿ ಡೂಗಲ್ ಹಗುರವಾದ ಧಾನ್ಯದ ವಿಸ್ಕಿಯನ್ನು ಇಳಿಸಿ, ಹೊಗೆಯ ವಾಸನೆಯ ಮಾಲ್ಟ್ ವಿಸ್ಕಿಯನ್ನು ಏರಿಸಿ ಹೊಸದನ್ನು ಬೆರೆಸಿದರು. ಸೋಮವಾರ ಅದು ಬಾಟಲಿಗೆ ಇಳಿಯಬೇಕು.

ಆದರೆ ಇವತ್ತು ಯಾವ ಲೋಟದಲ್ಲೂ ನಿಂಬೆ ಇಲ್ಲ. ಎರಡು ಲೋಟ ಸರಿಯಾಗಿವೆ. ಇನ್ನೆರಡು ಒಲೆಯ ಬೂದಿ ನೆಕ್ಕಿದ ಹಾಗಿವೆ. ಸೆಂಗಾ ಬಾಟಲಿಗಳ ತಳ ತಿರುಗಿಸಿ ನೋಡುತ್ತಾರೆ. ಬೂದಿ ಎರಡೂ ಹೊಸದು.

ಅಷ್ಟರಲ್ಲಿ ಗಗನಸಖಿ ಬಿಸಿ ಟವೆಲ್ ತರುತ್ತಾಳೆ. "ಇವತ್ತು ತಡ ಆಯ್ತು ಆಂಟಿ, ಬಿಸಿ ಮಾಡೋ ಪೆಟ್ಟಿಗೆ ಕೈಕೊಟ್ಟಿತ್ತು."

ಸೆಂಗಾ ಅಭ್ಯಾಸಬಲದಿಂದ ಬೆರಳು ಒರೆಸಿಕೊಂಡು ಲೋಟ ಎತ್ತುತ್ತಾರೆ. ನಿಂಬೆ. ಎರಡನೆಯದರಲ್ಲೂ ನಿಂಬೆ. ಬರೀ ನೀರಿನ ಲೋಟ ಎತ್ತುತ್ತಾರೆ, ಅದರಲ್ಲೂ ನಿಂಬೆ. ಕೈ ಶುಚಿಯಾಗಿರಲಿ ಎಂದು ಪ್ರತಿ ಸಲವೂ ಟವೆಲ್ ಬಂದ ಮೇಲೆಯೇ ರುಚಿ ನೋಡುವುದು ಅವರ ಕ್ರಮ, ಇವತ್ತು ತಡವಾದ್ದರಿಂದ ಮಾತ್ರ ಕಾಯಲಿಲ್ಲ. ಆ ಶುಚಿಯೇ ಮೂರು ಹಾರಾಟವನ್ನು ಕೆಡಿಸಿದೆ.

"ಈ ಟವೆಲ್ಲಿಗೆ ಏನಮ್ಮ ಹಾಕ್ತೀರಾ?"

"ನಿಂಬೆ ಎಣ್ಣೆ. ಈ ವರ್ಷದಿಂದ. ಚೆನ್ನಾಗಿದೆ ಅಲ್ವಾ?"

ಸೆಂಗಾ ಟವೆಲನ್ನು ಮೂಸಿ ದೂರ ಇಡುತ್ತಾರೆ. ಇಳಿಯಲು ಇನ್ನೂ ಎರಡು ಗಂಟೆ ಇದೆ. ಆಡಳಿತದವರು ಈಗಾಗಲೇ ಮೂಗಿನ ಬದಲು ಯಂತ್ರ ತರುವ ಮಾತಾಡುತ್ತಿದ್ದಾರೆ. ಈ ತಪ್ಪು ಹೊರಗೆ ಬಂದರೆ ಅವರಿಗೆ ಬೇರೆ ನೆಪ ಬೇಕಿಲ್ಲ. ಸುಮ್ಮನಿದ್ದರೆ ಸೋಮವಾರ ಬೂದಿ ಬಾಟಲಿಗೆ ಇಳಿಯುತ್ತದೆ. ಬೂದಿ ಎಂದು ಹೇಳಬಲ್ಲವರು ಇನ್ನೊಬ್ಬರಿಲ್ಲ.

ಲಂಡನ್ನಿನಲ್ಲಿ ಸಾಮಾನು ಬರುವ ಮುಂಚೆಯೇ ಅವರು ಫೋನ್ ಹಚ್ಚುತ್ತಾರೆ.

"ಡೂಗಲ್, ಸೋಮವಾರದ್ದು ನಿಲ್ಸು. ನಿಂಬೆ ವಿಸ್ಕಿಲಿಲ್ಲ, ಟವೆಲ್ಲಲ್ಲಿದೆ."

"ಯಾವ ಟವೆಲ್ಲು?"

"ಕೈ ಒರೆಸ್ಕೊಳ್ಳೋಕೆ ಕೊಡ್ತಾರಲ್ಲ, ಬಿಸಿದು. ನೀನು ಒಂದ್ಸಲನಾದ್ರೂ ವಿಮಾನ ಹತ್ತಿದ್ರೆ ಗೊತ್ತಿರ್ತಿತ್ತು."

"ಮೂರು ಸಲ ಬರ್ದಿದೀಯ ಮಾರಾಯ್ತಿ. ಗೆರೆ ಬೇರೆ ಹಾಕಿದೀಯ."

"ಗೊತ್ತು. ನನ್ನ ಕೈಯೇ ತಾನೆ ಬರ್ದಿದ್ದು."

"ಎಂಬತ್ತು ಸಾವಿರ ಸಣ್ಣ ಬಾಟ್ಲಿ ಕಾಯ್ತಾ ಕೂತಿವೆ ಸೆಂಗಾ. ಮೇಲಿನವರಿಗೆ ಏನಂತ ಹೇಳ್ಲಿ, ಟವೆಲ್ ಅಂತ ಹೇಳ್ಲಾ?"

"ಸೆಂಗಾ ಅಂತ ಹೇಳು."

ಸೋಮವಾರ ಬಾಟಲಿ ತುಂಬುವ ಯಂತ್ರಗಳು ಓಡಲಿಲ್ಲ. ಹತ್ತು ದಿನದ ಮೇಲೆ ಅದೇ ದಾರಿಯಲ್ಲಿ ಮತ್ತೆ ಹಾರಿ, ಟವೆಲ್ ಮುಟ್ಟದೆ, ಸೆಂಗಾ ಹಳೆಯ ಮಿಶ್ರಣವನ್ನೇ ಒಪ್ಪಿದರು. ಅದೇ ಬಾಟಲಿಗೆ ಇಳಿಯಿತು. ಆಡಳಿತದವರು ಅವರನ್ನು ಕರೆಸಿ ಒಂದು ಗಂಟೆ ಕೂರಿಸಿಕೊಂಡರು, ಆಮೇಲೆ ವಿಮಾನದಲ್ಲಿ ಕೈ ಒರೆಸಿಕೊಳ್ಳುವ ಬಗ್ಗೆ ಎರಡು ಪುಟದ ಸುತ್ತೋಲೆ ಹೊರಡಿಸಿದರು. "ಹಾರೋಳು ನಾನೊಬ್ಳೇ. ಅದನ್ನ ನೂರಾ ಅರವತ್ತು ಜನಕ್ಕೆ ಕಳಿಸಿದಾರೆ," ಎಂದು ಸೆಂಗಾ ಕಣ್ಣು ಮುಚ್ಚಿಕೊಳ್ಳುತ್ತಾರೆ. ಕೆಲಸ ಸದ್ಯಕ್ಕೆ ಉಳಿದಿದೆ, ಯಂತ್ರದ ಮಾತೂ ಉಳಿದಿದೆ.

ಪರೀಕ್ಷೆಯ ಕೋಣೆಯಲ್ಲಿ ಅವರ ಟಿಪ್ಪಣಿಗಳ ದಪ್ಪ ಕಡತವಿದೆ. ಅದರಲ್ಲಿ ನಿಂಬೆ ಎಂದು ಬರೆದ ಮೂರು ಪುಟಗಳಿಗೆ ಮೂಲೆಯಿಂದ ಮೂಲೆಗೆ ಕೆಂಪು ಶಾಯಿಯ ಗೀಟು ಬಿದ್ದಿದೆ. ಕಡತ ತೋರಿಸಬಹುದೇ ಎಂದು ಕೇಳಿದರೆ ಅವರು ತಾವಾಗಿಯೇ ಆ ಪುಟಗಳನ್ನು ತೆರೆದಿಡುತ್ತಾರೆ.

"ಗೀಟು ಎಳ್ದಿದ್ದು ನಾನೇ. ಬೇರೆ ಯಾರಾದ್ರೂ ಎಳ್ದಿದ್ರೆ ಅವತ್ತೇ ಕೆಲಸ ಬಿಡ್ತಿದ್ದೆ."