ಖಾಲಿ ಅಲ್ಲದ ನಾಲ್ಕು ಬಾಟಲಿ

ಎರಡು ವರ್ಷದ ಹಿಂದೆ, ನನಗೆ ಎಪ್ಪತ್ತೊಂದು ಇದ್ದಾಗ, ನಾನು ನಾಲ್ಕು ಬಾಟಲಿ ತುಂಬ ಜೀವ ತೆಗೆದೆ. ಬಿಸಿನೀರು, ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೆಗೆದೆ.

ನನ್ನ ತಂಗಿಯ ಮಗಳು ಸುಧಾ ಸೈಂಟಿಸ್ಟು. ಅಂಡಮಾನಿನ ಕಡೆ ಬೆಂಕಿ ಕಾರುವ ಗುಡ್ಡದಿಂದ ಮಣ್ಣು ತಂದಿದ್ದಳು. ಗೋವಾದ ಲ್ಯಾಬಿಗೆ ಹೋಗುವ ದಾರಿಯಲ್ಲಿ ಕಾನಸೂರಿನ ನಮ್ಮ ಮನೆಯಲ್ಲಿ ಎರಡು ದಿನ ಉಳಿದಳು. ಅಡುಗೆಮನೆ ಮೂಲೆಯಲ್ಲಿ ಡಬ್ಬಿಯೊಂದನ್ನು ಇಟ್ಟು, ಯಾರೂ ಮುಟ್ಟಬಾರದು ಅಂದಳು. ನಾನು ಹೂಂ ಅಂದೆ. (ಮುಟ್ಟಬೇಡಿ ಅಂದರೆ ಅದು ಬೇರೆಯವರಿಗೆ ಹೇಳಿದ್ದು, ಅಲ್ಲವೇ?)

ಮಧ್ಯಾಹ್ನ ಅವಳು ಶಿರಸಿಗೆ ಹೋದಳು. ನಾನು ಡಬ್ಬಿ ತೆಗೆದೆ. ಬಿಗಿಯಾಗಿ ಮುಚ್ಚಿದ ನಾಲ್ಕು ಗಾಜಿನ ಬಾಟಲಿ. ತಳದಲ್ಲಿ ಒಂದು ಚಮಚ ಬೂದು ಕೆಸರು. ಮೇಲೆಲ್ಲ ಖಾಲಿ.

ಹೆಣ್ಣುಮಗಳನ್ನು ಖಾಲಿ ಪಾತ್ರೆ ಕೊಟ್ಟು ಕಳಿಸುವುದುಂಟೇ? ನಮ್ಮಲ್ಲಿಲ್ಲ. ಚಾಕುವಿನಿಂದ ಮುಚ್ಚಳ ಎಬ್ಬಿಸಿದೆ. ಕೆಸರು ಬಚ್ಚಲಿಗೆ. ತೊಳೆದು, ಬಿಸಿಲಿಗೆ ಒಣಗಿಸಿ, ಪಾಕದಂಥ ಜೋನಿಬೆಲ್ಲ ತುಂಬಿದೆ. ಖುಷಿಪಡುತ್ತಾಳೆ ಅಂದುಕೊಂಡೆ.

ಸಂಜೆ ಬಂದವಳು ಬೆಲ್ಲದ ಬಾಟಲಿ ಹಿಡಿದು ಅಲ್ಲೇ ಕೂತಳು.

"ಅದು ಖಾಲಿ ಇತ್ತಿಲ್ಲೆ ದೊಡ್ಡಾಯಿ. ಅದ್ರಲ್ಲಿ ಗ್ಯಾಸ್ ಇತ್ತು. ಅವಕ್ಕೆ ಅದೇ ಊಟ."

ಆ ಕೆಸರಿನಲ್ಲಿ ಕಣ್ಣಿಗೆ ಕಾಣದ ಹುಳ ಇದ್ದವಂತೆ. ಬಿಸಿಲಿಲ್ಲ, ಹಸಿರಿಲ್ಲ, ಗುಡ್ಡ ಉಗುಳುವ ವಿಷದ ಗಾಳಿ ತಿಂದೇ ಬದುಕುತ್ತವೆ. ನಮ್ಮ ಗಾಳಿ ತಾಗಿದರೆ ಸತ್ತವು. ಇಂಥವು ಇಲ್ಲಿ ಬದುಕಿದರೆ ಮಂಗಳ ಗ್ರಹದ ನೆಲದಡಿಯೂ ಬದುಕಿರಬಹುದು, ಅದನ್ನೇ ತಾನು ಹುಡುಕುತ್ತಿರುವುದು ಅಂದಳು. ದೋಣಿಯಲ್ಲಿ ವಾಂತಿ ಮಾಡಿಕೊಂಡು ಹೋಗಿ ತಂದ ಮಣ್ಣಂತೆ. ಮತ್ತೆ ಅಲ್ಲಿಗೆ ಹೋಗಲು ಯಾವಾಗ ಬಿಡುತ್ತಾರೋ ಗೊತ್ತಿಲ್ಲವಂತೆ.

ಯಾರು ತೆಗೆದದ್ದು ಅಂತ ಕೇಳಿದಳು.

ನನ್ನ ಬಾಯಿಂದ ಬಂದದ್ದು ಗೌರಿಯ ಹೆಸರು. ಹಳೇ ಬಾಟಲಿಗೆ ಬೆಲ್ಲ ತುಂಬು ಅಂದಿದ್ದೆ, ಅವಳು ಇದನ್ನೇ ತೆಗೆದಳು ಅಂದುಬಿಟ್ಟೆ.

ಗೌರಿ ಇಪ್ಪತ್ತು ವರ್ಷದಿಂದ ನಮ್ಮನೆಗೆ ಕೆಲಸಕ್ಕೆ ಬರುವವಳು. ಆ ಮಧ್ಯಾಹ್ನ ಬಂದಿರಲೇ ಇಲ್ಲ. ಅಷ್ಟರಲ್ಲಿ ಹಾಲು ಹಿಡಿದುಕೊಂಡು ಬಂದಳು. ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಮುಖ ನೋಡಿದಳು. ನಾನು ಒಲೆ ನೋಡಿದೆ.

"ಹೌದ್ರಾ," ಅಂದಳು ಗೌರಿ. "ನಂಗೆ ಗೊತ್ತಾಗ್ಲಿಲ್ರಾ."

ಸುಧಾ ಬೈಯಲಿಲ್ಲ. ಓದು ಬರದವರ ಕೈಗೆ ಸಿಗುವಂತೆ ಇಟ್ಟದ್ದು ತನ್ನದೇ ತಪ್ಪು ಅಂದಳು, ಅಷ್ಟೆ. ಗೌರಿ ಏಳನೇ ಕ್ಲಾಸು ಪಾಸು. ನಾನು ಮೂರನೇದರಲ್ಲಿ ಬಿಟ್ಟವಳು.

ಬಾಟಲಿ ತೊಳೆದದ್ದು ಗೊತ್ತಿಲ್ಲದೆ. ಗೌರಿಯ ಹೆಸರು ಹೇಳಿದ್ದು? ಅದು ಪೂರ್ತಿ ಗೊತ್ತಿದ್ದೇ. ಇಪ್ಪತ್ತು ವರ್ಷ ನನ್ನ ಅನ್ನ ತಿಂದಳು ಅಂತ ನಾನು ಹೇಳಿಕೊಳ್ಳುತ್ತಿದ್ದೆ. ಅಂದು ಅವಳ ಮಾನ ತಿಂದವಳು ನಾನು.

ಮರುದಿನ ಬೆಳಿಗ್ಗೆ ಸುಧಾಳನ್ನು ಬಸ್ಸಿಗೆ ಹತ್ತಿಸಲು ಹೋದೆ. ಹೇಳಿಬಿಡಬೇಕು ಅಂತಲೇ ಹೋದೆ. ಅವಳು ಕಿಟಕಿಯಿಂದ ಬಗ್ಗಿ, "ದೊಡ್ಡಾಯಿ, ಗೌರಿಗೆ ಬೈಯಡ, ಪಾಪ," ಅಂದಳು.

"ಬೈತ್ನಿಲ್ಲೆ," ಅಂದೆ.